ಹಾಡಿನ ಮುದ್ರಣಕ್ಕೆ ಎಂಥ ಮೈಕು?

ಯಲಬುರ್ಗಾ ತಾಲೂಕಿನ ಭಜನಾ ಮಂಡಳಿಯೊಂದರ ಹಿರಿಯರು ಬರೆದ ಪತ್ರ ನಮ್ಮ ಮುಂದಿದೆ. ಅವರ ಮಂಡಳಿಯಲ್ಲಿ ಎಂಬತ್ತು ದಾಟಿದ ಗವಾಯಿಗಳೊಬ್ಬರು ಇದ್ದಾರೆ. ಅವರಿಗೆ ಬಾಯಿಪಾಠವಾಗಿರುವ ತತ್ತ್ವಪದಗಳಲ್ಲಿ ಹಲವು ಯಾವ ಪುಸ್ತಕದಲ್ಲಿಯೂ ಅಚ್ಚಾಗಿಲ್ಲವಂತೆ. ಶ್ರಾವಣ ಮುಗಿಯುವುದರೊಳಗೆ ಅವನ್ನು ಮುದ್ರಿಸಿಕೊಳ್ಳಬೇಕೆಂದು ಮಂಡಳಿಯವರು ವಂತಿಗೆ ಕೂಡಿಸಿದ್ದಾರೆ. ಬೆಂಗಳೂರಿನಲ್ಲಿ ಓದುತ್ತಿರುವ ಮೊಮ್ಮಗ "ಕಂಡೆನ್ಸರ್ ಮೈಕನ್ನೇ ಕೊಳ್ಳಿರಿ" ಎನ್ನುತ್ತಾನೆ. ಊರಿನ ಮೈಕ್‌ಸೆಟ್ಟಿನವರು "ಅದು ನಮ್ಮ ಕಡೆ ನಡೆಯುವುದಿಲ್ಲ" ಎನ್ನುತ್ತಾರೆ. ಯಾರ ಮಾತು ಕೇಳುವುದು ಎಂಬುದು ಅವರ ಪ್ರಶ್ನೆ.

ಇಬ್ಬರ ಮಾತಿನಲ್ಲಿಯೂ ಸತ್ಯವಿದೆ. ಮೈಕ್‌ಸೆಟ್ಟಿನವರು ಜಾತ್ರೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತನಾಡುತ್ತಿದ್ದಾರೆ, ಹುಡುಗನು ಸ್ಟುಡಿಯೋವನ್ನು. ಆದರೆ ಮುದ್ರಣ ನಡೆಯಬೇಕಾಗಿರುವುದು ಹಳ್ಳಿಯ ಮನೆಯೊಂದರ ಪಡಸಾಲೆಯಲ್ಲಿ.

ಮೊದಲು ಆ ಯಂತ್ರದ ಸ್ವರೂಪವನ್ನು ತಿಳಿಯೋಣ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರು ಗ್ರಾಮಫೋನ್ ತಟ್ಟೆಗೆ ಹಾಡಿದಾಗ ಮೈಕೆಂಬುದೇ ಇರಲಿಲ್ಲ. ದೊಡ್ಡ ತುತ್ತೂರಿಯೊಂದರ ಬಾಯಿಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕಿತ್ತು. ಮೆಲುದನಿಯವರಿಗೆ ಅಲ್ಲಿ ಸ್ಥಳವಿರಲಿಲ್ಲ. ಅಮೆರಿಕದ ವೆಂಟೆ ಎಂಬ ವಿಜ್ಞಾನಿ 1916ರಲ್ಲಿ ಕಂಡೆನ್ಸರ್ ಮೈಕನ್ನು ರೂಪಿಸಿದರು. 1925ರಿಂದ ವಿದ್ಯುತ್ ಮುದ್ರಣ ಆರಂಭವಾಗಿ, ತುತ್ತೂರಿಯ ಕಾಲ ಮುಗಿಯಿತು. ಮಲ್ಲಿಕಾರ್ಜುನ ಮನ್ಸೂರರ ಕಂಠದ ನಯವಾದ ಎಳೆಗಳು ಇಂದಿಗೂ ನಮಗೆ ದೊರೆಯುತ್ತಿರುವುದು ಅವರು ಈ ಬದಲಾವಣೆಯ ನಂತರ ಹಾಡಿದವರಾದ್ದರಿಂದ.

ಸಭೆ ಸಮಾರಂಭಗಳಲ್ಲಿ ಕಾಣುವ ಕೈಮೈಕು ಡೈನಾಮಿಕ್ ಎಂಬ ಜಾತಿಯದು. ಅದರೊಳಗೆ ತೆಳುಪರದೆಗೆ ಅಂಟಿಸಿದ ತಂತಿಯ ಸುರುಳಿಯೊಂದು ಆಯಸ್ಕಾಂತದ ನಡುವೆ ಅಲುಗಾಡಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ಪರದೆಯ ಜೊತೆಗೆ ಸುರುಳಿಯ ಭಾರವನ್ನೂ ಧ್ವನಿಯೇ ಎಳೆದಾಡಬೇಕು. ಕಂಡೆನ್ಸರಿನಲ್ಲಿ ಆ ಭಾರವಿಲ್ಲ. ಚಿನ್ನದ ಲೇಪವಿರುವ, ಕೂದಲಿಗಿಂತ ಎಷ್ಟೋ ಪಟ್ಟು ತೆಳ್ಳಗಿನ ಪರದೆಯೊಂದು ಲೋಹದ ಬಿಲ್ಲೆಯ ಎದುರು ನಿಂತಿರುತ್ತದೆ. ಧ್ವನಿ ತಾಗಿದಾಗ ಎರಡರ ನಡುವಣ ಅಂತರ ಬದಲಾಗುತ್ತದೆ. ಆ ಬದಲಾವಣೆಯೇ ವಿದ್ಯುತ್ ಸಂಕೇತವಾಗುತ್ತದೆ. ಆದ್ದರಿಂದ ಏಕತಾರಿಯ ಮೀಟು, ತಾಳದ ಕೊನೆಯ ಝೇಂಕಾರ, ಮುದುಕರ ಉಸಿರಿನ ನಡುಕ ಎಲ್ಲವೂ ಅದಕ್ಕೆ ಸಿಕ್ಕುತ್ತವೆ. ಅದೇ ಕಾರಣಕ್ಕೆ ಪಕ್ಕದ ಮನೆಯ ಕುಕ್ಕರಿನ ಸೀಟಿಯೂ ಸಿಕ್ಕುತ್ತದೆ!

ಕಂಡೆನ್ಸರಿಗೆ ಹೊರಗಿನಿಂದ ವಿದ್ಯುತ್ತು ಬೇಕು. 48 ವೋಲ್ಟಿನ ಈ ವಿದ್ಯುತ್ತು ಧ್ವನಿ ಸಾಗುವ ತಂತಿಯಲ್ಲಿಯೇ ಬರುವುದರಿಂದ ಅದಕ್ಕೆ ಫ್ಯಾಂಟಮ್, ಎಂದರೆ ಕಾಣದ ವಿದ್ಯುತ್ತು, ಎಂಬ ಹೆಸರು. 1966ರಲ್ಲಿ ಜರ್ಮನಿಯ ನಾಯ್‌ಮನ್ ಕಂಪನಿಯವರು ನಾರ್ವೆ ದೇಶದ ಬಾನುಲಿಗಾಗಿ ಇದನ್ನು ಅಳವಡಿಸಿದರು. ಅಲ್ಲಿ ತುರ್ತು ದೀಪಗಳಿಗೆಂದು 48 ವೋಲ್ಟಿನ ವ್ಯವಸ್ಥೆ ಮೊದಲೇ ಇದ್ದುದರಿಂದ ಆ ಅಂಕೆಯೇ ಲೋಕಕ್ಕೆಲ್ಲ ರೂಢಿಯಾಯಿತು. ಕತ್ತಲೆಗೆಂದು ಇಟ್ಟ ದೀಪದ ಲೆಕ್ಕ ಇಂದು ಕುಷ್ಟಗಿಯ ಹಾಡಿಗೂ ನಡೆಯುತ್ತಿದೆ.

ಇನ್ನು ಆಯ್ಕೆಯ ಮಾತು. ನಮ್ಮ ಅಭಿಪ್ರಾಯದಲ್ಲಿ ಮೈಕಿಗಿಂತ ಮೊದಲು ಕೋಣೆಯನ್ನು ಆರಿಸಬೇಕು. ಕುಷ್ಟಗಿ, ಯಲಬುರ್ಗಾ ಭಾಗದ ಹಳೆಯ ಮಣ್ಣಿನ ಮಾಳಿಗೆಯ ಮನೆಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ. ದಪ್ಪ ಗೋಡೆ, ಮರದ ತೊಲೆ ಜಂತಿ, ಮೇಲೆ ಮಣ್ಣಿನ ಹಾಸು. ಹೊರಗಿನ ಸದ್ದು ಒಳಗೆ ಬಾರದು, ಒಳಗಿನ ದನಿ ಮಾರ್ದನಿಗೊಳ್ಳದು. ಹೊಸದಾಗಿ ಕಟ್ಟಿದ ಸ್ಲ್ಯಾಬಿನ ಮನೆಯಲ್ಲಿ ಟೈಲ್ಸಿನ ನೆಲ, ಬರಿಯ ಗೋಡೆ ಇರುವುದರಿಂದ ಎಷ್ಟು ಬೆಲೆಯ ಮೈಕಿಟ್ಟರೂ ಕೊಡದೊಳಗೆ ಹಾಡಿದಂತೆ ಕೇಳಿಸುವುದು. ಅಂಥ ಮನೆಯೇ ಗತಿಯಾದರೆ ನೆಲಕ್ಕೆ ಜಮಖಾನೆ ಹಾಸಿ, ಹಾಡುವವರ ಬೆನ್ನ ಹಿಂದೆಯೂ ಎರಡು ಮಗ್ಗುಲಿಗೂ ಹಗ್ಗ ಕಟ್ಟಿ ದಪ್ಪನೆಯ ಕೌದಿಗಳನ್ನು ಇಳಿಬಿಡಿರಿ. ಮೂಲೆಗಳಲ್ಲಿ ಜೋಳದ ಚೀಲಗಳಿದ್ದರೆ ತೆಗೆಯಬೇಡಿರಿ, ಅವೂ ಸದ್ದನ್ನು ನುಂಗುತ್ತವೆ. ಪಟ್ಟಣದವರು ಹಣ ಕೊಟ್ಟು ತರಿಸುವ ಸ್ಪಂಜಿನ ಹಲಗೆಗಳಿಗಿಂತ ನಮ್ಮ ತಾಯಂದಿರು ಹೊಲಿದ ಕೌದಿ ಕಡಿಮೆಯೇನಲ್ಲ.

ಗುಡಿಯಲ್ಲಿ ಮುದ್ರಿಸಬೇಕೆಂಬ ಆಸೆ ಕೆಲವರಿಗೆ ಇರುವುದು ಸಹಜ. 1112ರಲ್ಲಿ ಕಟ್ಟಿದ ಇಟಗಿಯ ಮಹಾದೇವ ದೇವಾಲಯದಂತಹ ಕಲ್ಲುಮಂಟಪದಲ್ಲಿ ಆಲಾಪ ಕೇಳಲು ಬಲು ಸೊಗಸು. ಆದರೆ ಕಲ್ಲಿನ ಮಾರ್ದನಿ ಮಾತಿನ ಮೇಲೆ ಮಾತನ್ನು ಹೇರುತ್ತದೆ. ತತ್ತ್ವಪದವಾಗಲಿ ವಚನವಾಗಲಿ ಮಾತು ತಿಳಿಯದಿದ್ದರೆ ಹಾಡಿ ಏನು ಫಲ? ಅದರಲ್ಲಿಯೂ ಬರೆಹಕ್ಕೆ ಇಳಿಯದ ಪದವನ್ನು ಮುದ್ರಿಸುವಾಗ, ಮುಂದೆ ಅದನ್ನು ಕೇಳಿ ಬರೆದುಕೊಳ್ಳುವವನಿಗೆ ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಸಿಗಬೇಕು.

ಕೋಣೆ ಗೊತ್ತಾದ ಮೇಲೆ ಮೈಕಿನ ಪೆಟ್ಟಿಗೆಯ ಮೇಲೆ ಎರಡು ಅಂಕೆಗಳನ್ನು ನೋಡಬೇಕು. ಒಂದು ಸ್ವಂತ ಸದ್ದು. ಯಾರೂ ಹಾಡದಿದ್ದಾಗಲೂ ಮೈಕು ತಾನಾಗಿ ಹೊರಡಿಸುವ 'ಸ್' ಎಂಬ ಸದ್ದಿನ ಅಳತೆ ಅದು. ಹತ್ತು ಡೆಸಿಬೆಲ್‌ಗಿಂತ ಕಡಿಮೆಯಿದ್ದರೆ ಉತ್ತಮ, ಹದಿನೈದರವರೆಗೆ ಚಿಂತೆಯಿಲ್ಲ, ಇಪ್ಪತ್ತಾದರೆ ಮೆಲ್ಲಗೆ ಹಾಡುವವರ ದನಿಯ ಹಿಂದೆ ಅದು ಕೇಳಿಸತೊಡಗುತ್ತದೆ. ರೋಡ್ ಕಂಪನಿಯ ಎನ್‌ಟಿ1-ಎ ಎಂಬ ಮೈಕಿಗೆ ಈ ಅಂಕೆ 5. ಅದಕ್ಕಿಂತ ಅಗ್ಗವಾದ, ಹಲವರು ಮೊದಲು ಕೊಳ್ಳುವ ಆಡಿಯೋ-ಟೆಕ್ನಿಕಾ ಎಟಿ2020ಕ್ಕೆ 20. ಹಾರ್ಮೋನಿಯಂ, ತಬಲಾ ಕೂಡಿದ ಭಜನೆಗೆ ಎರಡನೆಯದೂ ಸಾಕು. ಆದರೆ ಅಜ್ಜಿಯೊಬ್ಬಳು ಬೀಸುವ ಪದವನ್ನು ಗುನುಗುವಂತೆ ಹಾಡಿದರೆ, ಅಥವಾ ನಮ್ಮ ಪತ್ರಲೇಖಕರ ಗವಾಯಿಗಳು ಏಕತಾರಿಯೊಂದನ್ನೇ ಹಿಡಿದು ಕುಳಿತರೆ, ಮೊದಲನೆಯದಕ್ಕೆ ಹೆಚ್ಚಿನ ಹಣ ಕೊಟ್ಟುದು ಸಾರ್ಥಕ.

ಇನ್ನೊಂದು ಅಂಕೆ, ಎಷ್ಟು ದೊಡ್ಡ ಸದ್ದನ್ನು ಒಡೆಯದೆ ತಾಳಬಲ್ಲದು ಎಂಬುದು. ಮೇಲೆ ಹೇಳಿದ ಎರಡೂ ಮೈಕುಗಳು 130 ಡೆಸಿಬೆಲ್‌ಗೂ ಮೀರಿ ತಾಳುವುದರಿಂದ ಮನೆಯ ಹಾಡಿಗೆ ಇದರ ಚಿಂತೆ ಬೇಡ. ಕೊಪ್ಪಳ ಸೀಮೆಯ ಕರಡಿ ಮಜಲಿನವರ ಎದುರು ಇಡುವುದಾದರೆ ಮಾತ್ರ ಇದನ್ನು ನೋಡಿಕೊಳ್ಳಬೇಕು, ಮೈಕನ್ನೂ ಹತ್ತಾರು ಅಡಿ ದೂರದಲ್ಲಿಡಬೇಕು.

ಮೈಕಿನ ಕಿವಿ ಯಾವ ಕಡೆಗೆ ಎಂಬುದೂ ಮುಖ್ಯ. ಹೃದಯದ ಆಕಾರದ ಗ್ರಹಣವುಳ್ಳ ಕಾರ್ಡಿಯಾಯ್ಡ್ ಮೈಕು ಮುಂದಿನದನ್ನು ಹಿಡಿದು ಹಿಂದಿನದನ್ನು ಬಹಳ ಮಟ್ಟಿಗೆ ಬಿಡುತ್ತದೆ. ನಮ್ಮ ಮನೆಗಳಿಗೆ ಇದೇ ಸರಿ. ದೊಡ್ಡ ಪರದೆಯ ಮೈಕುಗಳಲ್ಲಿ ಬಹುತೇಕ ಎಲ್ಲವಕ್ಕೂ ಮಗ್ಗುಲಿನಿಂದ ಹಾಡಬೇಕು, ತುದಿಗೆ ಬಾಯಿಟ್ಟಲ್ಲ. ಕಂಪನಿಯ ಗುರುತು ಇರುವ ಕಡೆಯೇ ಮುಖ. ಜಾತ್ರೆಯ ಕೈಮೈಕಿನ ರೂಢಿಯಲ್ಲಿ ಬೆಳೆದ ನಮ್ಮ ಹಾಡುಗಾರರು ನೆತ್ತಿಗೆ ಹಾಡಿ, ಮೈಕೇ ಕೆಟ್ಟಿದೆಯೆಂದು ಬಗೆಯುವುದುಂಟು.

ಅಂಗಡಿಯಲ್ಲಿ ಪರೀಕ್ಷಿಸುವ ಅವಕಾಶವಿದ್ದರೆ 'ಹಲೋ ಹಲೋ' ಎಂದು ಕೂಗುವುದರಿಂದ ಏನೂ ತಿಳಿಯದು. ಶರಣ, ಶಿವ, ಬಸವ, ಪ್ರಸಾದ, ಭಕ್ತಿ, ಸ್ಪರ್ಶ ಎಂಬ ಮಾತುಗಳನ್ನು ನಿಧಾನವಾಗಿ ಆಡಿ, ಮುದ್ರಿಸಿ, ಕಿವಿಗೆ ಹೆಡ್‌ಫೋನ್ ಇಟ್ಟು ಕೇಳಿರಿ. ಅಗ್ಗದ ಕಂಡೆನ್ಸರುಗಳಲ್ಲಿ ಮೇಲಿನ ಸ್ವರಭಾಗವನ್ನು ಬೇಕೆಂದೇ ಎತ್ತಿರುತ್ತಾರೆ. ಕೇಳಿದೊಡನೆ ಹೊಳಪಾಗಿ ತೋರಲೆಂದು. ಇಂಗ್ಲಿಷ್ ಪಾಪ್ ಹಾಡಿಗೆ ಅದು ಒಪ್ಪಬಹುದು. ಶ, ಷ, ಸ ತುಂಬಿದ ವಚನಕ್ಕೆ ಅದು ಹಾವು ಬುಸುಗುಟ್ಟಿದಂತೆ ಆಗುತ್ತದೆ. ಪ, ಬ, ಭ ಅಕ್ಷರಗಳ ಗಾಳಿಯ ಹೊಡೆತಕ್ಕೆ ಮೈಕಿನ ಮುಂದೆ ಪರದೆಯೊಂದು ಬೇಕು. ಅದನ್ನು ಕೊಳ್ಳಲೇಬೇಕೆಂದಿಲ್ಲ. ಹೆಣ್ಣುಮಕ್ಕಳು ಕಸೂತಿ ಹಾಕುವ ರಿಂಗಿಗೆ ತೆಳುವಾದ ನೈಲಾನ್ ಬಟ್ಟೆಯನ್ನು ಬಿಗಿದು ಮೈಕಿನಿಂದ ನಾಲ್ಕು ಬೆರಳು ಮುಂದೆ ನಿಲ್ಲಿಸಿದರೆ ಸಾಕು.

ಕಂಡೆನ್ಸರ್ ಸೆಟ್ ಎಂಬ ಹೆಸರಿನಲ್ಲಿ ಮೈಕು, ಸ್ಟ್ಯಾಂಡು, ಸ್ಪಂಜು, ತಂತಿ ಎಲ್ಲವನ್ನೂ ಕೂಡಿಸಿ ಅತಿ ಕಡಿಮೆ ಬೆಲೆಗೆ ಮಾರುವ ಪೆಟ್ಟಿಗೆಗಳ ವಿಷಯದಲ್ಲಿ ಎಚ್ಚರವಿರಲಿ. ಹೊರಗಿನ ಆಕಾರ ಮಾತ್ರ ಸ್ಟುಡಿಯೋದ್ದು. ಇಂಥ ಅನೇಕವುಗಳ ಒಳಗೆ ಕಾಲರ್ ಮೈಕಿನಲ್ಲಿರುವಂಥ ಚಿಕ್ಕ ಎಲೆಕ್ಟ್ರೆಟ್ ಗುಂಡಿ ಇರುತ್ತದೆ. ಎಲೆಕ್ಟ್ರೆಟ್ ಎಂಬುದೇ ಕೀಳಲ್ಲ. 1962ರಲ್ಲಿ ಸೆಸ್ಲರ್ ಮತ್ತು ವೆಸ್ಟ್ ಎಂಬ ಇಬ್ಬರು ಕಂಡುಹಿಡಿದ ಆ ವಿಧಾನದಲ್ಲಿ ಒಳ್ಳೆಯ ಮೈಕುಗಳೂ ತಯಾರಾಗುತ್ತವೆ. ಆದರೆ ಪೆಟ್ಟಿಗೆಯ ಮೇಲೆ ಸ್ವಂತ ಸದ್ದಿನ ಅಂಕೆ ಇಲ್ಲದ, ಮೂರು ಕಡ್ಡಿಯ ಎಕ್ಸ್‌ಎಲ್‌ಆರ್ ತಂತಿಯ ಬದಲು ಮೊಬೈಲಿಗೆ ಚುಚ್ಚುವ ತಂತಿ ಕೊಡುವ ಸರಕನ್ನು ಮಂಡಳಿಯ ಹಣದಲ್ಲಿ ಕೊಳ್ಳಬಾರದು.

ಕೂಡಿದ ಹಣದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಮೈಕಿಗೇ ಇಡಬೇಡಿರಿ. 48 ವೋಲ್ಟ್ ಕೊಡುವ ಇಂಟರ್‌ಫೇಸ್ ಪೆಟ್ಟಿಗೆ, ಗಟ್ಟಿ ಸ್ಟ್ಯಾಂಡು, ಒಳ್ಳೆಯ ತಂತಿ, ಹೆಡ್‌ಫೋನ್ ಇವೂ ಬೇಕು. ನೇರವಾಗಿ ಕಂಪ್ಯೂಟರಿಗೆ ಹಚ್ಚುವ ಯುಎಸ್‌ಬಿ ಮೈಕು ಅಗ್ಗವೇನೋ ಹೌದು. ಆದರೆ ಮುಂದೆ ಇನ್ನೊಂದು ಮೈಕು ಕೂಡಿಸಬೇಕೆಂದರೆ ತೊಡಕಾಗುವುದು. ನಮ್ಮ ಹಳ್ಳಿಗಳ ಕರೆಂಟಿನ ಸ್ಥಿತಿಯನ್ನು ನೆನೆದರೆ, ಬ್ಯಾಟರಿಯ ಮೇಲೆ ನಡೆದು ಫ್ಯಾಂಟಮ್ ವಿದ್ಯುತ್ತನ್ನೂ ಕೊಡುವ ಜೂಮ್ ಎಚ್4ಎನ್‌ನಂತಹ ಕೈರೆಕಾರ್ಡರು ಕಂಪ್ಯೂಟರಿಗಿಂತ ಮೇಲೆಂದು ನಮಗೆ ತೋರುತ್ತದೆ. ಇನ್ವರ್ಟರಿನ ಗುಂಯ್‌ಗುಡುವಿಕೆಯೂ ತಪ್ಪುತ್ತದೆ. ಫ್ಯಾಂಟಮ್ ಗುಂಡಿಯನ್ನು ತಂತಿ ಸಿಕ್ಕಿಸಿದ ಮೇಲೆಯೇ ಒತ್ತತಕ್ಕದ್ದು. ಬಿಚ್ಚುವ ಮೊದಲು ಆರಿಸತಕ್ಕದ್ದು.

ವೇಳೆಯ ವಿಚಾರ ಹೇಳಿಬಿಡುತ್ತೇವೆ. ಗಂಗಾವತಿಯಲ್ಲಿ ಅಕ್ಕಿ ಗಿರಣಿಗಳ ಸದ್ದು, ಬೇರೆ ಕಡೆ ಟ್ರ್ಯಾಕ್ಟರು, ಬೋರಿನ ಮೋಟಾರು. ರಾತ್ರಿ ಹತ್ತರ ನಂತರ ಇಲ್ಲವೆ ನಸುಕಿನ ನಾಲ್ಕಕ್ಕೆ ಕುಳಿತರೆ ಲೇಸು. ವಯಸ್ಸಾದವರಿಗೆ ನಸುಕಿನಲ್ಲಿ ಕಂಠ ತೆರೆಯುವುದು ತಡವಾದ್ದರಿಂದ ರಾತ್ರಿಯೇ ಮೇಲು. ಆಷಾಢದ ಗಾಳಿಯಲ್ಲಿ ಬಯಲಿನ ಮುದ್ರಣದ ಗೊಡವೆಯೇ ಬೇಡ. ಫ್ಯಾನು ಆರಿಸಲೇಬೇಕು. ಬೇಸಗೆಯಲ್ಲಿ ಇದು ಹಿರಿಯರಿಗೆ ಕಷ್ಟವಾದೀತು. ಎರಡು ಪದಕ್ಕೊಮ್ಮೆ ನಿಲ್ಲಿಸಿ ಗಾಳಿ ಬೀಸಿ ನೀರು ಕೊಡಿರಿ.

ಒಂದೇ ಮೈಕಾದರೆ ಹಾಡುವವರ ಬಾಯಿಂದ ಒಂದು ಗೇಣಿನ ಮೇಲೆ ನಾಲ್ಕು ಬೆರಳು ದೂರವಿಟ್ಟು, ಹಾರ್ಮೋನಿಯಮ್ಮನ್ನು ಮೈಕಿನ ಬೆನ್ನಿನ ಕಡೆ ನಾಲ್ಕು ಮೊಳ ಸರಿಸಿರಿ. ತೀರ ಹತ್ತಿರ ಬಂದರೆ ದನಿ ದಪ್ಪಗಾಗಿ ಅಕ್ಷರ ಮುಚ್ಚಿಹೋಗುವುದು. ತಾಳ, ದಮ್ಮಡಿಯವರು ಎಲ್ಲರಿಗಿಂತ ಹಿಂದೆ. ಹಿಮ್ಮೇಳದವರೆಲ್ಲರ ದನಿ ಸಮವಾಗಿ ಬರಬೇಕೆಂದಾದರೆ ರೋಡ್ ಎನ್‌ಟಿ5ರಂತಹ ಚಿಕ್ಕ ಪರದೆಯ ಜೋಡಿ ಮೈಕುಗಳನ್ನು ಅರ್ಧವರ್ತುಲವಾಗಿ ಕುಳಿತವರ ಎದುರು ತಲೆಗಿಂತ ಎತ್ತರದಲ್ಲಿ ನಿಲ್ಲಿಸುವುದು ಮೇಲು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಬಂದ ಗವಾಯಿಗಳು ಸಮೀಪದಲ್ಲಿದ್ದರೆ ಕೂಡ್ರಿಸುವ ಕ್ರಮವನ್ನು ಅವರಿಗೇ ಬಿಡಿರಿ. ಮೇಳದಲ್ಲಿ ಯಾರ ದನಿ ಯಾರನ್ನು ಮುಚ್ಚುತ್ತದೆಂಬುದನ್ನು ಅವರ ಕಿವಿ ಯಂತ್ರಕ್ಕಿಂತ ಮೊದಲು ಹೇಳುತ್ತದೆ.

ಗವಿಮಠದ ಜಾತ್ರೆಯಂತಹ ವೇದಿಕೆಗೆ ಈ ಮೈಕನ್ನು ಒಯ್ಯಬಾರದು. ಎದುರಿನ ಸ್ಪೀಕರಿನ ದನಿಯನ್ನೇ ಮತ್ತೆ ಹಿಡಿದು ಸಿಳ್ಳೆ ಹಾಕತೊಡಗುವುದು. ಅಲ್ಲಿಗೆ 1966ರಿಂದ ಬಳಕೆಯಲ್ಲಿರುವ ಶೂರ್ ಎಸ್‌ಎಂ58ರಂತಹ ಡೈನಾಮಿಕ್ ಮೈಕೇ ಯೋಗ್ಯ. ಮೈಕ್‌ಸೆಟ್ಟಿನವರ ಮಾತು ನಿಜವಾಗುವುದು ಇಲ್ಲಿಯೇ.

ಕೊಂಡ ಮೇಲೆ ಜೋಪಾನ. ಕಾಲುವೆ ನೀರಾವರಿಯ ಗಂಗಾವತಿಯ ಕಡೆ ಮಳೆಗಾಲದ ತೇವ, ಕುಷ್ಟಗಿ ಯಲಬುರ್ಗಾ ಕಡೆ ಎರೆಮಣ್ಣಿನ ಧೂಳು, ಎರಡೂ ಆ ತೆಳುಪರದೆಗೆ ವೈರಿಗಳು. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ, ಔಷಧದ ಬಾಟಲಿಗಳಲ್ಲಿ ಬರುವ ಸಿಲಿಕಾ ಜೆಲ್ ಪುಡಿಕೆಗಳೊಡನೆ ಇಡಿರಿ. ಒಳಗೆ ಧೂಳು ಕಂಡಿತೆಂದು ಬಟ್ಟೆಯಿಂದ ಒರಸುವುದಾಗಲಿ ಊದುವುದಾಗಲಿ ಸಲ್ಲದು. ಇಬ್ಬತ್ತಿ, ಧೂಪ ಮೈಕಿನ ಬಳಿ ಬೇಡ. ಪೂಜೆ ಮುಗಿಸಿಕೊಂಡು ಮುದ್ರಣಕ್ಕೆ ಕುಳಿತರಾಯಿತು.

ಮೊರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ನಾಡಿನ ಕಣ್ಣು ನಮ್ಮ ಜಿಲ್ಲೆಯ ಕಡೆ ತಿರುಗಿತು. ಪ್ರಶಸ್ತಿಯ ಬೆಳಕು ಬೀಳದ ಹಿರಿಯ ಕಂಠಗಳು ಇನ್ನೆಷ್ಟೋ ಊರುಗಳಲ್ಲಿವೆ. ಆದಕಾರಣ ಪತ್ರ ಬರೆದ ಹಿರಿಯರಲ್ಲಿ ನಮ್ಮ ವಿನಂತಿ: ಮೈಕು ಬರುವವರೆಗೆ ಕಾಯಬೇಡಿರಿ. ಕೈಯಲ್ಲಿರುವ ಮೊಬೈಲನ್ನೇ ಗವಾಯಿಗಳ ಎದುರು ಒಂದು ಮೊಳ ದೂರದಲ್ಲಿ ಮಡಿಸಿದ ವಸ್ತ್ರದ ಮೇಲಿಟ್ಟು, ಈ ವಾರವೇ ಎಲ್ಲ ಪದಗಳನ್ನೂ ಒಮ್ಮೆ ಹಾಡಿಸಿ ಇಟ್ಟುಕೊಳ್ಳಿರಿ. ಯಾವ ಪದಗಳು ಎಷ್ಟಿವೆ ಎಂಬ ಲೆಕ್ಕವೂ ಸಿಗುವುದು, ಹೊಸ ಮೈಕಿನ ಮುಂದೆ ಕುಳಿತಾಗ ಅವರಿಗೆ ಅಳುಕೂ ಇರದು. ಮೈಕು ಬಂದ ಮೇಲೆ ಎಂಪಿ3 ಬಿಟ್ಟು ವೇವ್ ರೂಪದಲ್ಲಿ, 24 ಬಿಟ್, 48 ಕಿಲೋಹರ್ಟ್ಸ್ ಎಂದು ಇಟ್ಟು ಮುದ್ರಿಸಿರಿ. ಪ್ರತಿ ಪದದ ಮೊದಲು ಹಾಡುವವರ ಹೆಸರು, ಊರು, ತಿಥಿ, ಯಾರಿಂದ ಕಲಿತದ್ದು ಎಂಬುದನ್ನು ಅವರ ಬಾಯಿಂದಲೇ ಹೇಳಿಸಿರಿ. ಪ್ರತಿಯೊಂದು ಮಂಡಳಿಯಲ್ಲಿ, ಒಂದು ಗವಾಯಿಗಳ ಮನೆಯಲ್ಲಿ, ಮತ್ತೊಂದು ಬೆಂಗಳೂರಿನ ಆ ಮೊಮ್ಮಗನ ಬಳಿ ಇರಲಿ.