ಎರಡು ಪಟ್ಟಿಗಳು ಸಾಲವು

ವಿದ್ಯುತ್ತಿನ ಮೊದಲ ಪಾಠವನ್ನು ಕಲಿಯುವ ಮಕ್ಕಳ ಮುಂದೆ ಸಾಮಾನ್ಯವಾಗಿ ಎರಡು ಪಟ್ಟಿಗಳು ಬರುತ್ತವೆ. ಬೆಳ್ಳಿ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣ ಇವು ವಾಹಕಗಳು; ಗಾಜು, ರಬ್ಬರು, ಮರ, ನೂಲು ಇವು ಅವಾಹಕಗಳು. ಮಕ್ಕಳು ಇವನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಒಪ್ಪಿಸುತ್ತಾರೆ. ವಿಷಯವನ್ನು ಪ್ರಾರಂಭಿಸಲು ಈ ವಿಂಗಡಣೆ ಅನುಕೂಲವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಪಾಠ ಅಲ್ಲಿಗೇ ಮುಗಿದುಹೋದರೆ ಅದು ಪ್ರಾಣಾಪಾಯಕ್ಕೂ ಎಡೆಗೊಡಬಹುದೆಂದು ನಮ್ಮ ಅಭಿಪ್ರಾಯ.

ಈ ಭೇದವನ್ನು ಮೊದಲು ಕಂಡುಕೊಂಡವನು ಇಂಗ್ಲೆಂಡಿನ ಸ್ಟೀಫನ್ ಗ್ರೇ. 1729ರಲ್ಲಿ ಅವನು ಗಾಜಿನ ಕೊಳವೆಯನ್ನು ಉಜ್ಜಿ ಪಡೆದ ವಿದ್ಯುತ್ತನ್ನು ನೂರಾರು ಅಡಿಗಳ ದೂರಕ್ಕೆ ಸಾಗಿಸಿದನು. ಸಾಗಿಸಿದ್ದು ಸೆಣಬಿನ ದಾರದ ಮೂಲಕ! ಆ ದಾರವನ್ನು ರೇಷ್ಮೆಯ ಎಳೆಗಳಿಂದ ತೂಗುಹಾಕಿದಾಗ ಪ್ರಯೋಗ ಫಲಿಸಿತು; ರೇಷ್ಮೆ ಕಡಿದುಹೋಗಲು, ಅದರ ಬದಲು ಹಿತ್ತಾಳೆಯ ತಂತಿಯನ್ನು ಕಟ್ಟಿದಾಗ ವಿದ್ಯುತ್ತು ತಂತಿಯ ಮೂಲಕ ಸೋರಿಹೋಯಿತು. ನಮ್ಮ ಪಟ್ಟಿಯ ಪ್ರಕಾರ ದಾರವು ಅವಾಹಕ. ಆದರೆ ಗಾಳಿಯ ತೇವವನ್ನು ಹೀರಿಕೊಂಡಿದ್ದ ಆ ದಾರವು, ಉಜ್ಜುವುದರಿಂದ ಹುಟ್ಟಿದ ಅಧಿಕ ವೋಲ್ಟೇಜಿನ ಅಲ್ಪ ವಿದ್ಯುತ್ತನ್ನು ಸಾಗಿಸಲು ಸಾಕಾಗಿತ್ತು.

ಇದಕ್ಕೆ ಕಾರಣವನ್ನು ದ್ರವ್ಯದ ರಚನೆಯಲ್ಲಿ ಹುಡುಕಬೇಕು. ತಾಮ್ರದಲ್ಲಿ ಪರಮಾಣುವೊಂದಕ್ಕೆ ಸುಮಾರು ಒಂದರಂತೆ ಎಲೆಕ್ಟ್ರಾನುಗಳು ಬಂಧಮುಕ್ತವಾಗಿ ಲೋಹದಲ್ಲೆಲ್ಲ ಸಂಚರಿಸಬಲ್ಲವು. ಗಾಜಿನಲ್ಲಿ ಅವು ಬಿಗಿಯಾಗಿ ಬಂಧಿತವಾಗಿವೆ. ಆದ್ದರಿಂದ ಗಾಜಿನ ರೋಧವು ಅದೇ ಅಳತೆಯ ತಾಮ್ರದ ರೋಧಕ್ಕಿಂತ, 1ರ ಮುಂದೆ 18ಕ್ಕೂ ಹೆಚ್ಚು ಸೊನ್ನೆಗಳನ್ನು ಬರೆದಷ್ಟು ಪಟ್ಟು ಅಧಿಕ. ಅಂತರವು ಅಗಾಧವಾದುದೇನೋ ನಿಜ; ಆದರೆ ಈ ಎರಡು ತುದಿಗಳ ನಡುವೆ ಅನೇಕ ಮೆಟ್ಟಿಲುಗಳಿವೆ, ಮತ್ತು ಒಂದು ವಸ್ತು ಒಂದೇ ಮೆಟ್ಟಿಲಿನಲ್ಲಿ ನಿಲ್ಲಬೇಕೆಂಬ ನಿಯಮವಿಲ್ಲ. ಕೆಂಪಗೆ ಕಾದ ಗಾಜು ವಿದ್ಯುತ್ತನ್ನು ಹರಿಯಗೊಡುತ್ತದೆ. ಶುದ್ಧ ಸಿಲಿಕಾನಿನ ಹತ್ತು ಲಕ್ಷ ಪರಮಾಣುಗಳಿಗೆ ರಂಜಕದ ಒಂದು ಪರಮಾಣುವನ್ನು ಬೆರೆಸಿದರೆ ಅದರ ವಾಹಕತೆ ಲಕ್ಷಾಂತರ ಪಟ್ಟು ಏರುತ್ತದೆ. ಪರಿಶುದ್ಧವಾದ ನೀರು ಬಲು ದುರ್ಬಲ ವಾಹಕ. ಲವಣಗಳು ಕರಗಿರುವ ಕೊಳಾಯಿಯ ನೀರು ಅದಕ್ಕಿಂತ ಸಾವಿರಾರು ಪಟ್ಟು ಉತ್ತಮ ವಾಹಕ.

ನಮ್ಮ ಶರೀರಕ್ಕೂ ಇದೇ ನಿಯಮ ಅನ್ವಯಿಸುತ್ತದೆ. ಒಣಗಿದ ಚರ್ಮದ ರೋಧವು ಒಂದು ಲಕ್ಷ ಓಮ್‌ಗಳಷ್ಟು ಇರಬಹುದು. ಚರ್ಮ ಒದ್ದೆಯಾದಾಗ ಅದು ಸುಮಾರು ಒಂದು ಸಾವಿರ ಓಮ್‌ಗಳಿಗೆ ಇಳಿಯಬಹುದು. ಮನೆಯ 230 ವೋಲ್ಟ್‌ಗಳನ್ನು ಈ ಸಂಖ್ಯೆಗಳಿಂದ ಭಾಗಿಸಿದರೆ, ಮೊದಲನೆಯ ಸಂದರ್ಭದಲ್ಲಿ ಸುಮಾರು 2 ಮಿಲಿಆಂಪಿಯರ್, ಎರಡನೆಯದರಲ್ಲಿ 230 ಮಿಲಿಆಂಪಿಯರ್ ಪ್ರವಾಹ ದೊರೆಯುತ್ತದೆ. ಹಲವು ಹತ್ತು ಮಿಲಿಆಂಪಿಯರ್‌ಗಳು ಎದೆಯ ಮೂಲಕ ಹಾದರೆ ಹೃದಯದ ಗತಿ ಕೆಟ್ಟು ಮರಣ ಸಂಭವಿಸಬಹುದು. ಒಣ ಕೈಯನ್ನೂ ನಂಬುವಂತಿಲ್ಲ. ವೋಲ್ಟೇಜು ಹೆಚ್ಚಿದಂತೆ ಚರ್ಮದ ರೋಧವು ತಾನಾಗಿಯೇ ಕುಸಿಯುತ್ತದೆ. ಮರವು ಅವಾಹಕವೆಂದು ಕಲಿತವನು ಮಳೆಯಲ್ಲಿ ನೆನೆದ ಕೋಲಿನಿಂದ ಹರಿದುಬಿದ್ದ ತಂತಿಯನ್ನು ಸರಿಸಲು ಹೋದರೆ, ಅವನು ಕಲಿತ ಪಾಠವೇ ಅವನಿಗೆ ಮುಳುವಾದೀತು.

ರೋಧದ ಲೆಕ್ಕಾಚಾರ ಎಳೆಯ ಮಕ್ಕಳಿಗೆ ಕಠಿಣವೆಂದು ಕೆಲವರು ಆಕ್ಷೇಪಿಸಬಹುದು. ಅದಕ್ಕೆ ನಮ್ಮ ಉತ್ತರ ಸರಳವಾದುದು. ಟಾರ್ಚಿನ ಮೂರು ಸೆಲ್ಲುಗಳು, ಒಂದು ಪುಟ್ಟ ಕೆಂಪು ಎಲ್‌ಇಡಿ ದೀಪ, ಒಂದು ಲೋಟ ಬಟ್ಟಿಯಿಳಿಸಿದ ನೀರು, ಒಂದು ಚಿಟಿಕೆ ಉಪ್ಪು, ಇಷ್ಟಿದ್ದರೆ ಸಾಕು. ಮಂಡಲದ ನಡುವೆ ನೀರನ್ನಿಟ್ಟಾಗ ಬೆಳಗದ ದೀಪವು, ಉಪ್ಪು ಕರಗಿದಂತೆ ಬೆಳಗುವುದನ್ನು ಮಗು ಕಣ್ಣಾರೆ ಕಾಣುತ್ತದೆ. ಇದಕ್ಕೆ ಮನೆಯ ವಿದ್ಯುತ್ತನ್ನು ಎಂದಿಗೂ ಬಳಸಕೂಡದೆಂಬುದೂ ಆ ಪಾಠದ ಭಾಗವಾಗಬೇಕು.

ಆದಕಾರಣ ಉಪಾಧ್ಯಾಯರಲ್ಲಿಯೂ ಪಠ್ಯಪುಸ್ತಕಗಳನ್ನು ರಚಿಸುವವರಲ್ಲಿಯೂ ನಮ್ಮ ವಿನಂತಿ ಇದು: ಪಟ್ಟಿಗಳು ಇರಲಿ, ಆದರೆ ಪ್ರತಿಯೊಂದು ಹೆಸರಿನ ಜೊತೆಗೆ ಅದು ಯಾವ ಸ್ಥಿತಿಯಲ್ಲಿ, ಎಷ್ಟು ವೋಲ್ಟೇಜಿನವರೆಗೆ ಹಾಗಿರುತ್ತದೆಂಬುದನ್ನು ಹೇಳಿರಿ. ಹಾಗೆ ಕಲಿತ ಮಗು ಭೂಸಂಪರ್ಕದ ತಂತಿ ಏಕೆ ಬೇಕು, 30 ಮಿಲಿಆಂಪಿಯರ್ ಸೋರಿದೊಡನೆ ಪ್ರವಾಹವನ್ನು ಕಡಿಯುವ ಸಾಧನವನ್ನು ಮನೆಯಲ್ಲಿ ಏಕೆ ಅಳವಡಿಸಬೇಕು ಎಂಬುದನ್ನು ತಾನೇ ಅರಿತು ಹಿರಿಯರಿಗೂ ತಿಳಿಸೀತು.