ಪಾದರಸವೂ ಮೂತ್ರಪಿಂಡವೂ

ಕಾಯವಿಲ್ಲದೆ ಕಾಯಕವಿಲ್ಲ, ಕಾಯಕವಿಲ್ಲದೆ ದಾಸೋಹವಿಲ್ಲ. ಆದಕಾರಣ ಶರಣಧರ್ಮವು ದೇಹವನ್ನು ಹೀನವೆಂದು ಕಡೆಗಣಿಸದೆ, ದೇವನು ನೆಲೆಸುವ ತಾಣವೆಂದು ಗೌರವಿಸಿತು. ಆ ತಾಣವನ್ನು ಹೊಕ್ಕ ವಿಷವಸ್ತು ಹೇಗೆ ಹೊರಬೀಳುತ್ತದೆಂಬುದನ್ನು ತಿಳಿಯುವುದೂ ಅರಿವಿನ ಒಂದು ಅಂಗವೇ ಸರಿ. ಪಾದರಸಯುಕ್ತ ಮೂತ್ರಲ ಔಷಧಗಳನ್ನು ನಿದರ್ಶನವಾಗಿ ಇಟ್ಟುಕೊಂಡು ಈ ವಿಚಾರವನ್ನು ಈ ಸಲ ಪರಿಶೀಲಿಸೋಣ.

ಮೂತ್ರದ ಪ್ರಮಾಣವನ್ನು ಹೆಚ್ಚಿಸಿ, ಮೈಯಲ್ಲಿ ತುಂಬಿಕೊಂಡ ನೀರನ್ನು ಹೊರಹಾಕುವ ಔಷಧವೇ ಮೂತ್ರಲ. 1919ರಲ್ಲಿ ವಿಯೆನ್ನಾ ನಗರದಲ್ಲಿ ಆಲ್ಫ್ರೆಡ್ ಫೋಗಲ್ ಎಂಬ ವೈದ್ಯವಿದ್ಯಾರ್ಥಿಯು, ಸಿಫಿಲಿಸ್ ರೋಗಕ್ಕೆಂದು ನೊವಾಸುರಾಲ್ ಎಂಬ ಪಾದರಸದ ಚುಚ್ಚುಮದ್ದು ಪಡೆದ ರೋಗಿಯಲ್ಲಿ ಮೂತ್ರವು ವಿಪರೀತವಾಗಿ ಹೆಚ್ಚಿದುದನ್ನು ಗಮನಿಸಿದನು. ಹೃದಯದೌರ್ಬಲ್ಯದಿಂದ ಮೈ ಊದಿಕೊಂಡವರಿಗೆ ಅದನ್ನೇ ಕೊಟ್ಟಾಗ ಬಾವು ಇಳಿಯಿತು. ಮುಂದೆ ಮರ್ಸಾಲಿಲ್ ಮೊದಲಾದವು ಬಂದವು. 1950ರ ದಶಕದ ಕೊನೆಯಲ್ಲಿ ಪಾದರಸವಿಲ್ಲದ ಥಯಾಜೈಡ್ ಗುಳಿಗೆಗಳು ಬರುವವರೆಗೆ ಬಾವಿನ ರೋಗಿಗಳಿಗೆ ಇವೇ ಮುಖ್ಯ ಆಸರೆಯಾಗಿದ್ದವು.

ಪಾದರಸಕ್ಕೆ ಗಂಧಕದ ಮೇಲೆ ಬಲು ಒಲವು. ನಮ್ಮ ರಸವೈದ್ಯರು ಇವೆರಡನ್ನೂ ಕಲ್ವದಲ್ಲಿ ಅರೆದು ಕಜ್ಜಲಿ ಮಾಡುವುದು ಈ ಒಲವಿನ ಬಲದಿಂದಲೇ. ನಮ್ಮ ದೇಹದ ಪ್ರೋಟೀನುಗಳಲ್ಲಿಯೂ ಗಂಧಕದ ಅಂಶವುಂಟು. ಮೂತ್ರಪಿಂಡಗಳು ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಒಂದೂವರೆ ಲೀಟರಿನಷ್ಟನ್ನು ಮೂತ್ರವಾಗಿ ಬಿಟ್ಟು, ಉಳಿದುದನ್ನೆಲ್ಲ ರಕ್ತಕ್ಕೆ ಮರಳಿಸುತ್ತವೆ. ಅಲ್ಲಿನ ಸೂಕ್ಷ್ಮ ನಾಳಗಳ ಪ್ರೋಟೀನುಗಳನ್ನು ಪಾದರಸವು ಹಿಡಿದುಕೊಂಡರೆ ಉಪ್ಪು ಮರಳಿ ಹೋಗಲಾರದು. ಉಪ್ಪಿನೊಡನೆ ನೀರೂ ಹೊರಗೆ ಹರಿಯುತ್ತದೆ.

ಇನ್ನು ಆ ಪಾದರಸದ ಗತಿಯೇನು? ಅದರ ನಿರ್ಗಮನವೂ ಬಹುಮಟ್ಟಿಗೆ ಅದೇ ನಾಳಗಳ ಮೂಲಕವೇ. ನಾಳಗಳ ಜೀವಕೋಶಗಳು ಅದನ್ನು ರಕ್ತದಿಂದ ಎಳೆದುಕೊಂಡು ಮೂತ್ರಕ್ಕೆ ಬಿಡುತ್ತವೆ. ಗಂಧಕವುಳ್ಳ ಸಿಸ್ಟೀನ್ ಎಂಬ ಅಮೈನೋ ಆಮ್ಲದ ಜೊತೆಗೂಡಿ ಅದು ಹೊರಬೀಳುತ್ತದೆ. ಮೂತ್ರಪಿಂಡ ಆರೋಗ್ಯವಾಗಿದ್ದರೆ ಚುಚ್ಚುಮದ್ದಿನ ಬಹುಭಾಗ ಒಂದು ದಿನದೊಳಗೆ ಹೋಗುತ್ತದೆ. ಅಲ್ಪಭಾಗ ಪಿತ್ತರಸದೊಡನೆ ಕರುಳಿಗಿಳಿದು ಮಲದಲ್ಲಿ ಸೇರುತ್ತದೆ. ಉಳಿದ ಅಂಶ ಮೂತ್ರಪಿಂಡದಲ್ಲಿಯೇ ತಂಗುತ್ತದೆ. ಹೀಗೆ ದೇಹದಲ್ಲಿ ನಿಂತ ಅಜೈವಿಕ ಪಾದರಸವು ಅರ್ಧಕ್ಕಿಳಿಯಲು ಸುಮಾರು ಎರಡು ತಿಂಗಳು ಬೇಕು. ಮೂತ್ರಪಿಂಡವು ರೋಗಗ್ರಸ್ತವಾಗಿದ್ದರಂತೂ ವಿಷವು ಹೊರಗೆ ಹೋಗದೆ, ಹೊರಹಾಕಬೇಕಾದ ಅಂಗವನ್ನೇ ಸುಡುತ್ತದೆ. ಅಂಥ ರೋಗಿಗಳಿಗೆ ಈ ಔಷಧವನ್ನು ಕೊಡಬಾರದೆಂದು ಅಂದಿನ ವೈದ್ಯಗ್ರಂಥಗಳು ಎಚ್ಚರಿಸಿದ್ದುದು ಇದಕ್ಕಾಗಿಯೇ.

ಆ ಚುಚ್ಚುಮದ್ದುಗಳ ಕಾಲ ಮುಗಿಯಿತು, ಪಾಠ ಮುಗಿದಿಲ್ಲ. ಮನೆಯಲ್ಲಿ ಹಿರಿಯರ ಕಾಲು ಊದಿಕೊಂಡೊಡನೆ ಯಾರೋ ಹೆಸರಿಲ್ಲದ ಭಸ್ಮದ ಪೊಟ್ಟಣವನ್ನು ತಂದುಕೊಡುವುದುಂಟು. ಅದರಲ್ಲಿ ಪಾದರಸವಿದೆಯೋ ಇಲ್ಲವೋ ಕೊಟ್ಟವರೂ ಹೇಳರು, ಕೊಂಡವರೂ ಕೇಳರು. ಕಾಲಿನ ಬಾವು ಹೃದಯದಿಂದ ಬರಬಹುದು, ಯಕೃತ್ತಿನಿಂದ ಬರಬಹುದು, ಮೂತ್ರಪಿಂಡದಿಂದಲೂ ಬರಬಹುದು. ಮೂತ್ರಪಿಂಡವೇ ಸೋತಿದ್ದರೆ, ಮುಚ್ಚಿದ ಬಾಗಿಲಿನ ಮನೆಗೆ ವಿಷವನ್ನು ತುಂಬಿದಂತಾಗುವುದು. ರಸವೈದ್ಯವನ್ನು ಹಳಿಯುವುದು ಇಲ್ಲಿಯ ಉದ್ದೇಶವಲ್ಲ. ಒಳಗೇನಿದೆಯೆಂದು ತಿಳಿಯದ ಮದ್ದನ್ನು ಕೊಡಬಾರದೆಂಬುದಷ್ಟೇ ಆಶಯ.

ಬಾವು ಕಂಡಾಗ ಮೊದಲು ಮೂತ್ರವನ್ನೂ, ರಕ್ತದ ಕ್ರಿಯಾಟಿನಿನ್ ಅಂಶವನ್ನೂ ಪರೀಕ್ಷೆ ಮಾಡಿಸತಕ್ಕದ್ದು. ಪಾದರಸ ಸೇರಿರುವ ಸಂಶಯವಿದ್ದರೆ ಸೇವಿಸಿದ ಮದ್ದನ್ನು ವೈದ್ಯರಿಗೆ ತೋರಿಸಬೇಕು. ಉಪವಾಸದಿಂದಾಗಲಿ, ಕೊಡಗಟ್ಟಲೆ ನೀರು ಕುಡಿಯುವುದರಿಂದಾಗಲಿ ಅದು ತೊಳೆದುಹೋಗದು. ಊದಿದ ಮೈಗೆ ಹೆಚ್ಚಿನ ನೀರೇ ಅಪಾಯ. ಡೈಮರ್ಕಾಪ್ರಾಲ್ ಮುಂತಾದ ಗಂಧಕಯುಕ್ತ ಪ್ರತಿವಿಷಗಳು ಪಾದರಸವನ್ನು ಹಿಡಿದು ಹೊರತರಬಲ್ಲವು. ಅವನ್ನು ಆಸ್ಪತ್ರೆಯಲ್ಲಿ ವೈದ್ಯರ ಕಣ್ಗಾವಲಿನಲ್ಲಿಯೇ ಪಡೆಯಬೇಕು.

ಹಿರಿಯರಿಗೆ ಭಕ್ತಿಯಿಂದ ಮದ್ದನ್ನು ಕೊಡುವ ಕೈಗೆ ಅರಿವಿನ ಕಣ್ಣೂ ಇರಲಿ.