ಕೋಲಾರದ ಪ್ರಶ್ನೆಗಳಿಗೆ ಉತ್ತರ ವಿವಿಯ ಉತ್ತರವೇನು?

ಕೋಲಾರ: ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿತ ಕೊಳಚೆ ನೀರು 2018ರ ಜೂನ್‌ನಲ್ಲಿ ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಹರಿದು ಬಂತು. ಬತ್ತಿದ ಕೆರೆಗೆ ನೀರು ಬಂದ ಸಂತಸ ಹೆಚ್ಚು ದಿನ ಉಳಿಯಲಿಲ್ಲ. ಮರು ತಿಂಗಳೇ ಕೆರೆಯಲ್ಲಿ ನೊರೆ ಕಾಣಿಸಿಕೊಂಡಿತು. ಪ್ರಕರಣ ಹೈಕೋರ್ಟ್, ಬಳಿಕ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ತಡೆಯಾಜ್ಞೆ ತೆರವಾಗಿ ನೀರು ಮತ್ತೆ ಹರಿಯಿತಾದರೂ, ಈ ನೀರು ಅಂತರ್ಜಲಕ್ಕೆ ಇಳಿದರೆ ಏನಾಗುತ್ತದೆ ಎಂಬ ಜನರ ಪ್ರಶ್ನೆ ಹಾಗೆಯೇ ಉಳಿಯಿತು. ಉತ್ತರ ಹುಡುಕಿ ಬಂದವರಲ್ಲಿ ಪ್ರಮುಖರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು.

ಕೋಲಾರದ ತಮಕದಲ್ಲಿ ನೆಲೆ ನಿಂತಿರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೆ ಆಗ ಒಂದೇ ವರ್ಷ. ಬೆಂಗಳೂರು ವಿವಿಯ ತ್ರಿಭಜನೆಯಿಂದಾಗಿ 2017ರಲ್ಲಿ ಕಾರ್ಯಾರಂಭ ಮಾಡಿದ ಈ ವಿವಿಯ ವ್ಯಾಪ್ತಿಗೆ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಜತೆಗೆ ಬೆಂಗಳೂರಿನ ಕೆಲವು ಭಾಗಗಳೂ ಸೇರಿವೆ. ಅಂದು ಕೂಸಾಗಿದ್ದ ಸಂಸ್ಥೆಯಿಂದ ಉತ್ತರ ನಿರೀಕ್ಷಿಸುವಂತಿರಲಿಲ್ಲ. ಇಂದು ಆ ರಿಯಾಯಿತಿ ಸಲ್ಲದು. ಇರುವ ಅಲ್ಪ ಸಂಪನ್ಮೂಲದಲ್ಲಿ ಯಾವ ಸಂಶೋಧನೆಗೆ ಮೊದಲ ಮಣೆ ಎಂಬುದನ್ನು ವಿವಿ ನಿರ್ಧರಿಸಲೇಬೇಕಾದ ಕಾಲ ಬಂದಿದೆ.

ಸೀಟು ಕಡಿಮೆ, ವಿಷಯ ಹಲವು

ಯುಜಿಸಿಯ 2022ರ ಪಿಎಚ್.ಡಿ. ನಿಯಮಾವಳಿಯಂತೆ ಪ್ರಾಧ್ಯಾಪಕರೊಬ್ಬರು ಏಕಕಾಲಕ್ಕೆ ಗರಿಷ್ಠ 8, ಸಹ ಪ್ರಾಧ್ಯಾಪಕರು 6 ಹಾಗೂ ಸಹಾಯಕ ಪ್ರಾಧ್ಯಾಪಕರು 4 ಮಂದಿಗೆ ಮಾತ್ರ ಮಾರ್ಗದರ್ಶನ ನೀಡಬಹುದು. ರಾಜ್ಯದ ವಿವಿಗಳಲ್ಲಿ ಬೋಧಕ ಹುದ್ದೆಗಳು ಖಾಲಿ ಉಳಿದಷ್ಟೂ ಸಂಶೋಧನೆಯ ಬಾಗಿಲು ಕಿರಿದಾಗುತ್ತದೆ. ಸಂಯೋಜಿತ ಕಾಲೇಜುಗಳ ಪರೀಕ್ಷೆ, ಫಲಿತಾಂಶ, ಅಂಕಪಟ್ಟಿಗಳ ಹೊರೆ ಬೇರೆ. ಹೀಗಿರುವಾಗ ಪ್ರತಿಯೊಂದು ಪಿಎಚ್.ಡಿ. ವಿಷಯವೂ ಸಾರ್ವಜನಿಕ ಸಂಪತ್ತಿನ ಹಂಚಿಕೆಯೇ ಸರಿ. ಆದರೆ ಸಾಮಾನ್ಯವಾಗಿ ವಿಷಯವನ್ನು ನಿರ್ಧರಿಸುವುದು ಮಾರ್ಗದರ್ಶಕರ ಪರಿಣತಿ ಮತ್ತು ಅಭ್ಯರ್ಥಿಯ ಅನುಕೂಲವೇ ಹೊರತು ಊರಿನ ಅಗತ್ಯವಲ್ಲ.

ಸರ್ಕಾರದ ಬೊಕ್ಕಸವೂ ಬಿಗಿಯಾಗಿದೆ. 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಒಂಬತ್ತು ಹೊಸ ವಿವಿಗಳನ್ನು ಮುಚ್ಚಲು ಶಿಫಾರಸು ಮಾಡಿತ್ತು. ಆ ಪಟ್ಟಿಯಲ್ಲಿ ಉತ್ತರ ವಿವಿ ಇರಲಿಲ್ಲವೆಂಬುದು ಸಮಾಧಾನದ ಸಂಗತಿ, ಎಚ್ಚರಿಕೆಯೂ ಹೌದು. ಇನ್ನು 2023ರ ಕಾಯ್ದೆಯ ಮೂಲಕ ಕೇಂದ್ರ ಸ್ಥಾಪಿಸಿದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಐದು ವರ್ಷಗಳಲ್ಲಿ 50,000 ಕೋಟಿ ರೂಪಾಯಿಯ ಮಾತನಾಡಿದೆಯಾದರೂ, ಅದರಲ್ಲಿ 36,000 ಕೋಟಿ ಸರ್ಕಾರೇತರ ಮೂಲಗಳಿಂದ ಬರಬೇಕೆಂಬುದು ಲೆಕ್ಕಾಚಾರ. ಹೆಸರಾಂತ ಸಂಸ್ಥೆಗಳೊಂದಿಗೆ ಸ್ಪರ್ಧಿಸಿ ಆ ಹಣದಲ್ಲಿ ಪಾಲು ಕೇಳಬೇಕಾದರೆ ತನ್ನದೇ ಆದ ಒಂದು ವಿಷಯದಲ್ಲಿ ಹಿಡಿತ ಇರಲೇಬೇಕು.

ನಾಲ್ಕು ತಾಲ್ಲೂಕು, ಒಂದೇ ನೀರು

ಅಂಥ ವಿಷಯಕ್ಕೆ ದೂರ ಹುಡುಕಬೇಕಿಲ್ಲ. ವರ್ಷವಿಡೀ ಹರಿಯುವ ನದಿ ಕೋಲಾರ ಜಿಲ್ಲೆಗಿಲ್ಲ. ಅಂತರ್ಜಲವನ್ನು ಮರುಪೂರಣಕ್ಕಿಂತ ಹೆಚ್ಚು ಬಳಸುವ ಪ್ರದೇಶವೆಂದು ಗುರುತಿಸಲಾದ ಜಿಲ್ಲೆಯಿದು. ಕೋಲಾರ ತಾಲ್ಲೂಕಿನ ಕೆರೆಗಳಲ್ಲಿ ಬೆಂಗಳೂರಿನ ನೀರಿದೆ. ದಿನಕ್ಕೆ 440 ದಶಲಕ್ಷ ಲೀಟರ್ ನೀರು ಹರಿಸಿ 126 ಕೆರೆ ತುಂಬಿಸುವುದು ಯೋಜನೆಯ ಮೂಲ ಗುರಿ. ಈ ನೀರಿಗೆ ಎರಡನೇ ಹಂತದ ಸಂಸ್ಕರಣೆ ಮಾತ್ರ ಆಗಿದ್ದು, ಮೂರನೇ ಹಂತವೂ ಬೇಕೆಂಬುದು ಹೋರಾಟಗಾರರ ಹಳೆಯ ಬೇಡಿಕೆ. ಮುಳಬಾಗಿಲು, ಶ್ರೀನಿವಾಸಪುರದ ಆಳದ ಕೊಳವೆ ಬಾವಿಗಳಲ್ಲಿ ಫ್ಲೋರೈಡ್ ಕಾಟ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬ ಮಿತಿಯಿದ್ದು, ಅದು ಮೀರಿದಲ್ಲಿ ಮಕ್ಕಳ ಹಲ್ಲು, ಹಿರಿಯರ ಮೂಳೆ ಎರಡಕ್ಕೂ ಕುತ್ತು. ಮಾಲೂರಿನ ಹೆಂಚು, ಇಟ್ಟಿಗೆ ಉದ್ಯಮಕ್ಕೆ ಕೆರೆಯ ಮಣ್ಣೇ ಬಂಡವಾಳ.

ಶ್ರೀನಿವಾಸಪುರದ ಮಾವಿನ ಕಥೆ ಬೇರೆಯಾಗಿ ಕಂಡರೂ ಬೇರೆಯಲ್ಲ. ನೀರಿಲ್ಲದ ನೆಲದಲ್ಲಿ ರೈತ ನಂಬಿದ್ದು ಮಾವನ್ನು. 2025ರ ಜೂನ್‌ನಲ್ಲಿ ನೆರೆಯ ಚಿತ್ತೂರು ಜಿಲ್ಲಾಡಳಿತ ಕರ್ನಾಟಕದ ತೋತಾಪುರಿ ಮಾವಿನ ಪ್ರವೇಶಕ್ಕೆ ನಿರ್ಬಂಧ ಹೇರಿದಾಗ ಇಲ್ಲಿನ ಬೆಳೆಗಾರರು ಬೀದಿಗಿಳಿದರು. ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಆಂಧ್ರದ ಮುಖ್ಯಮಂತ್ರಿಗೆ ಪತ್ರ ಬರೆದರು. ಕಾಯಿ ಬೆಳೆಯುವುದು ಇಲ್ಲಿ, ರಸ ತೆಗೆಯುವ ಕಾರ್ಖಾನೆಗಳಿಗಾಗಿ ಗಡಿಯಾಚೆ ನೋಡಬೇಕಾಗಿರುವುದೇಕೆ? ಇದು ಅರ್ಥಶಾಸ್ತ್ರ ಮತ್ತು ವಾಣಿಜ್ಯ ವಿಭಾಗಗಳಿಗೆ ಸಿದ್ಧವಾಗಿರುವ ಪ್ರಶ್ನೆ. ಮಾವಿನ ತಳಿ, ರೋಗಗಳ ಅಧ್ಯಯನಕ್ಕೆ ಹೊಗಳಗೆರೆಯ ತೋಟಗಾರಿಕೆ ಸಂಶೋಧನಾ ಕೇಂದ್ರವಿದೆ, ವೈದ್ಯಕೀಯ ಅಧ್ಯಯನಕ್ಕೆ ತಮಕದಲ್ಲೇ ದೇವರಾಜ ಅರಸು ವಿವಿ ಇದೆ. ಅವರು ಮಾಡುವುದನ್ನೇ ಮತ್ತೆ ಮಾಡುವುದು ಆದ್ಯತೆಯಲ್ಲ, ಪುನರಾವರ್ತನೆ.

ನೀರನ್ನು ಕೇಂದ್ರವಾಗಿಟ್ಟುಕೊಂಡರೆ ಯಾವ ವಿಭಾಗವೂ ಹೊರಗುಳಿಯಬೇಕಿಲ್ಲ. ರಸಾಯನಶಾಸ್ತ್ರಕ್ಕೆ ಫ್ಲೋರೈಡ್ ಮತ್ತು ಭಾರಲೋಹ, ಸಮಾಜಶಾಸ್ತ್ರಕ್ಕೆ ಕೊಳವೆ ಬಾವಿಯ ಸಾಲ, ಇತಿಹಾಸ ಹಾಗೂ ಕನ್ನಡಕ್ಕೆ ಶಾಸನ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೇ ಸಂಪುಟ ಕೋಲಾರ ಜಿಲ್ಲೆಯದು. ಕೆರೆ ಕಟ್ಟಿಸಿದವರಿಗೂ ಕಾಪಾಡಿದವರಿಗೂ ಬಿತ್ತುವಟ್ಟದ ಭೂಮಿ ಬಿಟ್ಟ ಪದ್ಧತಿ ಈ ಸೀಮೆಗೆ ಹೊಸದಲ್ಲ.

ಸ್ಥಳೀಯ ವಿಷಯಕ್ಕೇ ಕಟ್ಟುಬಿದ್ದರೆ ವಿವಿ ಬಾವಿಯೊಳಗಿನ ಕಪ್ಪೆಯಾಗದೇ ಎಂಬ ಆಕ್ಷೇಪವೂ ಇದೆ. ಮೂಲ ವಿಜ್ಞಾನಕ್ಕೆ ಜಾಗವಿಲ್ಲದ ವಿವಿ ವಿವಿಯೇ ಅಲ್ಲವೆಂಬುದು ಒಪ್ಪತಕ್ಕ ಮಾತು. ಆದರೆ ಫ್ಲೋರೈಡ್ ಕೋಲಾರದ್ದಷ್ಟೇ ಅಲ್ಲ, ಇಥಿಯೋಪಿಯಾ, ಕೆನ್ಯಾ, ತಾಂಜಾನಿಯಾಗಳ ಸಂಕಟವೂ ಹೌದು. ಇಸ್ರೇಲ್ ತನ್ನ ಕೊಳಚೆ ನೀರಿನ ಬಹುಪಾಲನ್ನು ಶುದ್ಧೀಕರಿಸಿ ಕೃಷಿಗೆ ಬಳಸುತ್ತಿದೆ. ಲಕ್ಷ್ಮೀಸಾಗರದ ನೀರನ್ನು ಹತ್ತು ವರ್ಷ ಸತತವಾಗಿ ಅಳೆದವರ ಮಾತಿಗೆ ಜಗತ್ತೂ ಕಿವಿಗೊಡುತ್ತದೆ.

ವರದಿ ಯಾರ ಭಾಷೆಯಲ್ಲಿ?

ಕೊನೆಯ ಪ್ರಶ್ನೆ ಭಾಷೆಯದು. ವಿವಿಯ ವ್ಯವಹಾರ ಕನ್ನಡ ಮತ್ತು ಇಂಗ್ಲಿಷ್‌ನಲ್ಲಿ. ಮುಳಬಾಗಿಲು, ಶ್ರೀನಿವಾಸಪುರದ ಅನೇಕ ಮನೆಗಳ ಮಾತು ತೆಲುಗು. ಮನೆಮಾತು ತಮಿಳಾಗಿದ್ದ ಮಾಲೂರು ತಾಲ್ಲೂಕಿನ ಮಾಸ್ತಿ ಕನ್ನಡಕ್ಕೆ ಜ್ಞಾನಪೀಠ ತಂದ ಜಿಲ್ಲೆಯಿದು. ಹಲವು ಭಾಷೆ ಇಲ್ಲಿ ತೊಡಕಲ್ಲ. ಗಡಿಯಾಚೆಯ ಕುಪ್ಪಂನಲ್ಲಿ 1997ರಲ್ಲೇ ದ್ರಾವಿಡ ವಿವಿ ಹುಟ್ಟಿದ್ದೂ ಇದೇ ಬಹುಭಾಷಾ ನೆಲವನ್ನು ನಂಬಿ. ಆದರೆ ವಿಜ್ಞಾನದ ಪ್ರಬಂಧ ಇಂಗ್ಲಿಷ್‌ನಲ್ಲಿ ಸಿದ್ಧವಾಗಿ ಗ್ರಂಥಾಲಯದ ಕಪಾಟು ಸೇರಿದರೆ, ನೀರಿನ ಮಾದರಿ ಕೊಟ್ಟ ರೈತನಿಗೆ ಫಲಿತಾಂಶ ತಿಳಿಯುವುದು ಎಂದು?

ಇದಕ್ಕೆ ಕೋಟಿಗಟ್ಟಲೆ ಹಣ ಬೇಕಿಲ್ಲ. ಪ್ರತಿ ಪ್ರಬಂಧದ ಜತೆ ಗ್ರಾಮ ಪಂಚಾಯಿತಿಗೆ ಕೊಡಬಹುದಾದ ನಾಲ್ಕು ಪುಟಗಳ ಕನ್ನಡ ಸಾರಾಂಶ ಕಡ್ಡಾಯವಾಗಲಿ. ಬೇಕಾದೆಡೆ ಅದನ್ನು ತೆಲುಗಿನಲ್ಲಿ ವಿವರಿಸುವ ವ್ಯವಸ್ಥೆಯಿರಲಿ. ವಿಷಯ ಆರಿಸುವ ಸಭೆಯಲ್ಲಿ ವರ್ಷಕ್ಕೊಮ್ಮೆಯಾದರೂ ನಾಲ್ಕೂ ತಾಲ್ಲೂಕಿನ ರೈತರಿಗೆ, ನೀರು ಸರಬರಾಜು ಮಾಡುವವರಿಗೆ, ಶಾಲಾ ಶಿಕ್ಷಕರಿಗೆ ಕುರ್ಚಿ ಸಿಗಲಿ. ತಮ್ಮ ಬಾವಿಯ ನೀರು ಕುಡಿಯಲು ಯೋಗ್ಯವೇ ಎಂದು ತಿಳಿಯಲು ಕೋಲಾರದ ಜನ ಇನ್ನೂ ಬೆಂಗಳೂರಿನತ್ತಲೇ ಮುಖ ಮಾಡಬೇಕಾದರೆ, ಜಿಲ್ಲೆಗೊಂದು ವಿಶ್ವವಿದ್ಯಾಲಯ ಬಂದು ದೊರೆತದ್ದಾದರೂ ಏನು?